ಮಗುವಿಗೆ ಜ್ವರ ಬಂದಾಗ ಮನೆಯಲ್ಲಿ ನೋಡಿಕೊಳ್ಳುವುದು ಹೇಗೆ?

ಮಗುವಿಗೆ ಜ್ವರ ಬಂತೆಂದರೆ ಮನೆಯವರೆಲ್ಲರ ಕಣ್ಣು ಥರ್ಮಾಮೀಟರ್ ಮೇಲೆ. ಸಂಜೆ 101 ಇತ್ತು, ಈಗ 102 ಆಯ್ತು, ಔಷಧಿ ಕೊಟ್ಟರೂ 100ಕ್ಕೆ ಬರಲಿಲ್ಲ ಅಂತ ಲೆಕ್ಕ ಹಾಕುವುದರಲ್ಲೇ ರಾತ್ರಿ ಮುಗಿಯುತ್ತದೆ. ಆದರೆ ಆ ಅಂಕಿ ಹೇಳುವುದು ಸ್ವಲ್ಪ ಮಾತ್ರ. 103 ಡಿಗ್ರಿ ಜ್ವರವಿದ್ದೂ ಔಷಧಿ ಕುಡಿದ ಮೇಲೆ ಎದ್ದು ಕೂತು ಆಟದ ಸಾಮಾನು ಕೇಳುವ ಮಗುವಿನ ಬಗ್ಗೆ ಅಷ್ಟು ಗಾಬರಿ ಬೇಡ. ಜ್ವರ 100.5 ಮಾತ್ರ ಇದ್ದು, ಕರೆದರೂ ಕಣ್ಣು ಬಿಡದ, ಏನು ಕೊಟ್ಟರೂ ಕುಡಿಯದ ಮಗುವಿನ ಬಗ್ಗೆ ಗಾಬರಿ ಆಗಲೇಬೇಕು. ಹಾಗಾಗಿ ಜ್ವರ ಇಳಿಸುವುದಕ್ಕಿಂತ ಮೊದಲು ಮಗುವನ್ನು ಹೇಗೆ ನೋಡಬೇಕು ಅನ್ನುವುದನ್ನೇ ಇಲ್ಲಿ ಜಾಸ್ತಿ ಹೇಳಿದ್ದೇನೆ.

ಮೊದಲು ಇಷ್ಟನ್ನು ನೋಡಿ

ಮಗುವನ್ನು ತೊಡೆಯ ಮೇಲೆ ಹಾಕಿಕೊಂಡೇ ಇದನ್ನು ಓದುತ್ತಿದ್ದರೆ, ಉಳಿದದ್ದನ್ನು ಆಮೇಲೆ ಓದಿ. ಕೆಳಗಿನ ಯಾವುದೇ ಒಂದು ಇದ್ದರೂ ಅದು ಮನೆಯಲ್ಲಿ ಇಟ್ಟುಕೊಂಡು ನೋಡುವ ಜ್ವರವಲ್ಲ. ನೇರ ಆಸ್ಪತ್ರೆಗೆ ಹೊರಡಿ.

- ಮಗುವಿಗೆ ಇನ್ನೂ 3 ತಿಂಗಳು ತುಂಬಿಲ್ಲ, ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ (38 ಸೆಲ್ಸಿಯಸ್) ಅಥವಾ ಅದಕ್ಕಿಂತ ಜಾಸ್ತಿ ಇದೆ.
- ಎಬ್ಬಿಸಿದರೆ ಸರಿಯಾಗಿ ಏಳುತ್ತಿಲ್ಲ, ಮುಖ ನೋಡುತ್ತಿಲ್ಲ, ಮೈ ಸಡಿಲ ಬಿಟ್ಟಿದೆ. ಅಥವಾ ಎತ್ತಿಕೊಂಡರೂ ಸಮಾಧಾನವಾಗದೆ ಒಂದೇ ಸಮ ಚೀರುತ್ತಿದೆ.
- ಉಸಿರಾಡಲು ಒದ್ದಾಡುತ್ತಿದೆ. ಉಸಿರು ಎಳೆದಾಗ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿದೆ, ನರಳುವ ಸದ್ದು ಬರುತ್ತಿದೆ, ತುಟಿ ನೀಲಿಯಾಗಿದೆ.
- ಕತ್ತು ಬಗ್ಗಿಸಲು ಆಗುತ್ತಿಲ್ಲ, ಬೆಳಕು ಕಂಡರೆ ಕಣ್ಣು ಮುಚ್ಚುತ್ತದೆ, ತಲೆನೋವು ವಿಪರೀತ. ಎಳೆಮಗುವಾದರೆ ನೆತ್ತಿಯ ಮೆತ್ತನೆ ಜಾಗ ಉಬ್ಬಿ ನಿಂತಿದೆ.
- ಮೈಮೇಲೆ ಕೆಂಪು ಅಥವಾ ನೇರಳೆ ಚುಕ್ಕೆಗಳಿವೆ, ಗಾಜಿನ ಲೋಟವನ್ನು ಒತ್ತಿ ಹಿಡಿದರೂ ಅವು ಮಾಸುವುದಿಲ್ಲ.
- ಫಿಟ್ಸ್ ಬಂದಿದೆ.
- ಕುಡಿದದ್ದೆಲ್ಲ ವಾಂತಿಯಾಗುತ್ತಿದೆ, ಅಥವಾ 8 ಗಂಟೆಯಿಂದ ಮೂತ್ರವನ್ನೇ ಮಾಡಿಲ್ಲ.
- ಬಿಸಿಲಲ್ಲಿ ಅಥವಾ ಮುಚ್ಚಿದ ಕಾರಿನಲ್ಲಿ ಇದ್ದ ಮೇಲೆ ಮೈ ಕಾದಿದೆ. ಇದು ಜ್ವರವೇ ಅಲ್ಲ, ಬಿಸಿಲಿನ ಹೊಡೆತ. ಇಲ್ಲಿ ಪ್ಯಾರಸಿಟಮಾಲ್ ಕೆಲಸ ಮಾಡುವುದಿಲ್ಲ. ನೆರಳಿಗೆ ತಂದು, ಬಟ್ಟೆ ಬಿಚ್ಚಿ, ಮೈಗೆ ನೀರು ಹಾಕಿ ಗಾಳಿ ಬೀಸುತ್ತಲೇ ಆಂಬುಲೆನ್ಸ್ ಕರೆಸಬೇಕು.

3 ತಿಂಗಳೊಳಗಿನ ಮಗುವಿನ ಬಗ್ಗೆ ಇನ್ನೊಂದು ಮಾತು. ಆ ವಯಸ್ಸಿನಲ್ಲಿ ದೊಡ್ಡ ಸೋಂಕಿಗೂ ಸಣ್ಣ ಸೋಂಕಿಗೂ ಹೊರಗಿನಿಂದ ವ್ಯತ್ಯಾಸ ಕಾಣುವುದಿಲ್ಲ. ರಕ್ತಕ್ಕೆ ಸೋಂಕು ಹರಡಿದ್ದರೂ ಮಗು ಸುಮ್ನೆ ಸ್ವಲ್ಪ ಮಂಕಾಗಿ, ಹಾಲು ಕಡಿಮೆ ಕುಡಿಯಬಹುದು ಅಷ್ಟೇ. ಮೈ ತಣ್ಣಗಾಗುವುದೂ ಅಪಾಯದ ಗುರುತು: 96.8 (36 ಸೆಲ್ಸಿಯಸ್) ಗಿಂತ ಕೆಳಗಿದ್ದು, ಬೆಚ್ಚಗೆ ಹೊದಿಸಿದರೂ ಏರದಿದ್ದರೆ ಡಾಕ್ಟರ್ ನೋಡಲೇಬೇಕು. ಈ ಮಕ್ಕಳಿಗೆ ಮನೆಯಲ್ಲಿ ಔಷಧಿ ಹಾಕಿ ಬೆಳಗಿನವರೆಗೆ ಕಾಯುವುದು ಬೇಡ. 3ರಿಂದ 6 ತಿಂಗಳ ಮಗುವಿಗೆ 102.2 (39 ಸೆಲ್ಸಿಯಸ್) ದಾಟಿದರೆ ಅದೇ ದಿನ ತೋರಿಸಿ.

ಇವು ಯಾವುವೂ ಇಲ್ಲ ಅಂದರೆ ನಿಧಾನವಾಗಿ ಕೆಲಸ ಶುರು ಮಾಡಬಹುದು. ಮಕ್ಕಳಿಗೆ ಬರುವ ಹೆಚ್ಚಿನ ಜ್ವರಗಳು ವೈರಸ್‌ನಿಂದ ಬರುತ್ತವೆ, ಮೂರ್ನಾಲ್ಕು ದಿನದಲ್ಲಿ ತಾವಾಗಿಯೇ ಬಿಡುತ್ತವೆ.

ಅಳೆಯುವುದು

ಹಣೆ ಮುಟ್ಟಿ ನೋಡುವುದು ಸಹಜ, ಆದರೆ ಸಾಲದು. ಅಡುಗೆ ಮಾಡಿ ಬಂದ ಕೈಗೂ, ಪಾತ್ರೆ ತೊಳೆದು ಬಂದ ಕೈಗೂ ಒಂದೇ ಹಣೆ ಬೇರೆ ಬೇರೆಯಾಗಿ ತೋರುತ್ತದೆ. ಒಂದು ಡಿಜಿಟಲ್ ಥರ್ಮಾಮೀಟರ್ ಮನೆಯಲ್ಲಿರಲಿ. ಗಾಜಿನ ಪಾದರಸದ್ದು ಇನ್ನೂ ಇದ್ದರೆ ಅದಕ್ಕೆ ನಿವೃತ್ತಿ ಕೊಡಿ. ಒಡೆದರೆ ಪಾದರಸದ ಆವಿ ಮಕ್ಕಳಿಗೆ ಒಳ್ಳೆಯದಲ್ಲ.

ಕಂಕುಳು ಬೆವರಿದ್ದರೆ ಒರೆಸಿ. ಥರ್ಮಾಮೀಟರಿನ ತುದಿ ಕಂಕುಳಿನ ನಡುವಿಗೆ ಸರಿಯಾಗಿ ಬರಲಿ, ಬಟ್ಟೆ ಅಡ್ಡ ಬರಬಾರದು. ತೋಳನ್ನು ಮೈಗೆ ಒತ್ತಿ ಹಿಡಿದುಕೊಂಡು ಬೀಪ್ ಸದ್ದು ಬರುವವರೆಗೆ ಬಿಡಬೇಡಿ. ಸ್ನಾನ ಮಾಡಿಸಿದ ಕೂಡಲೇ, ದಪ್ಪ ಹೊದಿಕೆಯಿಂದ ತೆಗೆದ ಕೂಡಲೇ ಅಳೆಯುವುದು ಬೇಡ, ಒಂದು ಕಾಲು ಗಂಟೆ ಬಿಡಿ. ಬಾಯಲ್ಲಿ ಇಟ್ಟು ಅಳೆಯುವುದೆಲ್ಲ ಹೇಳಿದ ಹಾಗೆ ಕೇಳುವ, 5 ವರ್ಷ ದಾಟಿದ ಮಕ್ಕಳಿಗೆ. ಕಿವಿಯ ಥರ್ಮಾಮೀಟರ್ 6 ತಿಂಗಳೊಳಗಿನ ಮಕ್ಕಳಲ್ಲಿ ಸರಿಯಾಗಿ ತೋರಿಸುವುದಿಲ್ಲ, ಕಿವಿಯ ದಾರಿ ಅಷ್ಟು ಸಣ್ಣದು. ಹಣೆಯ ಮುಂದೆ ಹಿಡಿಯುವುದು ಸುಲಭವೇನೋ ಹೌದು, ಆದರೆ ಬೆವರಿಗೂ ಫ್ಯಾನ್ ಗಾಳಿಗೂ ಅದರ ಲೆಕ್ಕ ತಪ್ಪುತ್ತದೆ.

ದೇಹದ ಒಳಗಿನ ಉಷ್ಣತೆ 100.4 ತಲುಪಿದರೆ ಅದು ಜ್ವರ. ಕಂಕುಳಿನಲ್ಲಿ ಅಳೆದಾಗ ಸುಮಾರು ಒಂದು ಡಿಗ್ರಿ ಫ್ಯಾರನ್‌ಹೀಟ್ ಕಡಿಮೆ ತೋರಿಸುತ್ತದೆ. ಅಂದರೆ ಅಲ್ಲಿ 99.5 ದಾಟಿತೆಂದರೆ ಗಮನ ಕೊಡಿ. ತಿಂಗಳ ಕೂಸಿಗಾದರೆ ಇಷ್ಟೇ ಸಾಕು ಡಾಕ್ಟರಿಗೆ ಫೋನ್ ಮಾಡಲು. ಆದರೆ ನೀವೇ ಒಂದು ಡಿಗ್ರಿ ಕೂಡಿಸಿ ಬರೆದಿಡಬೇಡಿ. "ಕಂಕುಳಲ್ಲಿ 101 ಇತ್ತು" ಅಂತ ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಡಾಕ್ಟರಿಗೆ ಅರ್ಥವಾಗುತ್ತದೆ.

37 ಸೆಲ್ಸಿಯಸ್ ಅಂದರೆ 98.6, 38 ಅಂದರೆ 100.4, 39 ಅಂದರೆ 102.2, 40 ಅಂದರೆ 104. ಇಷ್ಟು ಗೊತ್ತಿದ್ದರೆ ಸಾಕು. ಅಂದಹಾಗೆ, ಎಲ್ಲರೂ ಆಣೆ ಮಾಡುವ ಆ 98.6 ಬಂದದ್ದು ಜರ್ಮನಿಯ ವೈದ್ಯ ಕಾರ್ಲ್ ವುಂಡರ್ಲಿಷ್ 1868ರಲ್ಲಿ ಪ್ರಕಟಿಸಿದ ಲೆಕ್ಕದಿಂದ. ಅದು ಸಾವಿರಾರು ಜನರ ಸರಾಸರಿ. ಆರೋಗ್ಯವಾಗಿರುವ ಮಗುವಿನ ಮೈ ಕೂಡ ಬೆಳಗ್ಗೆ ಸ್ವಲ್ಪ ಕಡಿಮೆ, ಸಂಜೆ ಸ್ವಲ್ಪ ಜಾಸ್ತಿ ಇರುತ್ತದೆ. ಸಂಜೆಯ 99 ನೋಡಿ ಔಷಧಿ ಬಾಟಲಿ ಹುಡುಕಬೇಡಿ.

ದಿನಕ್ಕೆ ನಾಲ್ಕೈದು ಸಲ ಅಳೆದರೆ ಸಾಕು. ಅರ್ಧ ಗಂಟೆಗೊಮ್ಮೆ ಅಳೆದರೆ ಮಗುವಿಗೂ ಕಿರಿಕಿರಿ, ನಿಮಗೂ ನೆಮ್ಮದಿ ಇಲ್ಲ.

ಕೈಕಾಲು ತಣ್ಣಗೆ, ಮೈ ಬಿಸಿ: ಯಾಕೆ?

ಇದನ್ನು ತಿಳಿದುಕೊಂಡರೆ ಅರ್ಧ ಗಾಬರಿ ಕಡಿಮೆಯಾಗುತ್ತದೆ. ಮೆದುಳಿನಲ್ಲಿ ಹೈಪೋಥಲಮಸ್ ಅನ್ನುವ ಸಣ್ಣ ಭಾಗವಿದೆ. ಮೈ ಎಷ್ಟು ಬಿಸಿ ಇರಬೇಕು ಅಂತ ತೀರ್ಮಾನಿಸುವುದು ಅದೇ. ಸೋಂಕು ತಗುಲಿದಾಗ ದೇಹ ಬೇಕೆಂದೇ ಆ ಮಟ್ಟವನ್ನು ಮೇಲೆ ಏರಿಸುತ್ತದೆ, ಏಕೆಂದರೆ ಬಿಸಿ ಮೈಯಲ್ಲಿ ಸೋಂಕಿನ ವಿರುದ್ಧದ ಹೋರಾಟ ಚುರುಕಾಗುತ್ತದೆ. ಹೊಸ ಮಟ್ಟ ತಲುಪುವವರೆಗೆ ದೇಹ ಬಿಸಿಯನ್ನು ಹಿಡಿದಿಡಬೇಕು. ಅದಕ್ಕೇ ಕೈಕಾಲಿಗೆ ರಕ್ತ ಕಡಿಮೆ ಹೋಗಿ ಅವು ತಣ್ಣಗಾಗುತ್ತವೆ. ಮಗು ನಡುಗುತ್ತದೆ, ಹೊದಿಕೆ ಕೇಳುತ್ತದೆ. ಇದು ಜ್ವರ ಏರುವ ಹೊತ್ತು. ಇಳಿಯುವಾಗ ಇದೆಲ್ಲ ತಿರುಗುಮುರುಗು: ಮೈ ಕೆಂಪಗಾಗಿ, ಬೆವರಿ, ಮಗು ಹೊದಿಕೆ ಒದೆಯುತ್ತದೆ.

ಸೋಂಕಿನಿಂದ ಬಂದ ಜ್ವರ 106 ದಾಟುವುದು ತೀರಾ ಅಪರೂಪ, ಏಕೆಂದರೆ ಏರಿಸಿದ ಮೆದುಳೇ ಅದಕ್ಕೊಂದು ಮಿತಿಯನ್ನೂ ಇಟ್ಟಿರುತ್ತದೆ. "ಜ್ವರ ತಲೆಗೇರಿ ಮೆದುಳಿಗೆ ಪೆಟ್ಟಾಗುತ್ತದೆ" ಅನ್ನುವ ಹೆದರಿಕೆ 102, 103ರ ಜ್ವರಕ್ಕೆ ಬೇಡ. ಪೆಟ್ಟಾಗುವುದಿದ್ದರೆ ಜ್ವರದಿಂದಲ್ಲ, ಜ್ವರ ತಂದ ಕಾಯಿಲೆಯಿಂದ. ಮೆದುಳು ಜ್ವರ ಅಂಥದ್ದು. ಅದನ್ನು ಹಿಡಿಯಲಿಕ್ಕೇ ಮೇಲೆ ಹೇಳಿದ ಗುರುತುಗಳು ಇರುವುದು.

ಬಟ್ಟೆಯ ವಿಷಯವೂ ಇದರಿಂದಲೇ ಗೊತ್ತಾಗುತ್ತದೆ. ನಡುಗುವಾಗ ಒಂದು ಹೊದಿಕೆ ಕೊಡಿ, ಬೆವರುವಾಗ ತೆಗೆಯಿರಿ. ಉಳಿದ ಹೊತ್ತು ತೆಳು ಹತ್ತಿ ಬಟ್ಟೆ ಒಂದು ಪದರ ಸಾಕು. ಸ್ವೆಟರ್, ಟೋಪಿ, ಸಾಕ್ಸ್, ಮೇಲೆ ಎರಡು ಕಂಬಳಿ ಹಾಕಿ "ಬೆವರಿಸುವುದು" ಬೇಡ, ಅದರಿಂದ ಮೈ ಇನ್ನಷ್ಟು ಕಾಯುತ್ತದೆ. ಕಿಟಕಿ ತೆರೆದಿರಲಿ. ಫ್ಯಾನ್ ತಿರುಗಲಿ, ನೇರ ಮಗುವಿನ ಮೇಲೆ ಬೀಸದಿದ್ದರೆ ಆಯಿತು.

ಕುಡಿಸುವುದೇ ಮುಖ್ಯ ಕೆಲಸ

ನನ್ನ ಮಟ್ಟಿಗೆ ಜ್ವರದ ಆರೈಕೆಯಲ್ಲಿ ಔಷಧಿಗಿಂತ ಮೇಲಿನ ಜಾಗ ಇದಕ್ಕೆ. ಜ್ವರದಲ್ಲಿ ಉಸಿರು ಜೋರಾಗಿ, ಮೈ ಬೆವರಿ ನೀರು ಹೊರಗೆ ಹೋಗುತ್ತಲೇ ಇರುತ್ತದೆ. ಮಗು ಮಾತ್ರ ಗಂಟಲು ನೋವಿಗೋ ಸುಸ್ತಿಗೋ ಕುಡಿಯಲು ಒಲ್ಲೆ ಅನ್ನುತ್ತದೆ.

ಒಂದು ಲೋಟ ಹಿಡಿದು ಗದರಿಸಿ ಕುಡಿಸಲು ಹೋದರೆ ಸೋಲುವುದು ನೀವೇ. ಐದೈದು ನಿಮಿಷಕ್ಕೆ ಎರಡು ಚಮಚ ಕೊಡಿ. ಸ್ಟ್ರಾ ಕೊಡಿ, ಸಿರಿಂಜಿನಲ್ಲಿ ಕೊಡಿ, ಮಗುವಿಗೆ ಇಷ್ಟವಾದ ಕಪ್ಪಿನಲ್ಲಿ ಕೊಡಿ. ತಣ್ಣಗಿನದು ಕೇಳಿದರೆ ತಣ್ಣಗಿನದೇ ಆಗಲಿ, ನೋಯುವ ಗಂಟಲಿಗೆ ಹಿತವೇ. ನೀರು, ಹಾಲು, ತೆಳು ಸೂಪ್ ಏನಾದರೂ ಸರಿ. ಔಷಧಿ ಕೆಲಸ ಮಾಡಲು ಶುರುವಾಗಿ ಮಗು ಸ್ವಲ್ಪ ಗೆಲುವಾಗುತ್ತದಲ್ಲ, ಆ ಒಂದೆರಡು ಗಂಟೆಯನ್ನು ಬಿಡಬೇಡಿ. ಕುಡಿಸಲು ಅದೇ ಒಳ್ಳೆಯ ಹೊತ್ತು.

6 ತಿಂಗಳೊಳಗಿನ ಮಗುವಿಗೆ ನೀರು ಬೇಡ, ಎದೆಹಾಲನ್ನೇ ಪದೇ ಪದೇ ಕೊಡಿ. ಜ್ವರ ಅಂತ ಹಾಲು ನಿಲ್ಲಿಸಬಾರದು. ತಾಯಿಗೇ ಜ್ವರ ಇದ್ದರೂ ಸಾಮಾನ್ಯವಾಗಿ ನಿಲ್ಲಿಸಬೇಕಿಲ್ಲ. ವಾಂತಿ ಭೇದಿಯೂ ಜೊತೆಗಿದ್ದರೆ ಓಆರ್‌ಎಸ್ ಬೇಕು. ಪೊಟ್ಟಣದ ಮೇಲೆ ಎಷ್ಟು ನೀರು ಅಂತ ಬರೆದಿದೆಯೋ ಅಷ್ಟಕ್ಕೇ ಇಡೀ ಪೊಟ್ಟಣ ಹಾಕಬೇಕು. ಒಂದು ಲೀಟರಿನ ಪೊಟ್ಟಣವನ್ನು ಒಂದು ಲೋಟಕ್ಕೆ ಸುರಿದರೆ ಉಪ್ಪು ಹೆಚ್ಚಾಗಿ ಮಗುವಿಗೆ ಅಪಾಯ. ಕಲಸಿದ್ದು 24 ಗಂಟೆ ದಾಟಿದರೆ ಚೆಲ್ಲಿಬಿಡಿ.

ಸಾಕಷ್ಟು ಕುಡಿಯುತ್ತಿದೆಯೇ ಅಂತ ತಿಳಿಯಲು ಮೂತ್ರ ನೋಡಿ. ಐದಾರು ಗಂಟೆಗೊಮ್ಮೆಯಾದರೂ ಆಗುತ್ತಿದ್ದು, ಬಣ್ಣ ತಿಳಿಯಾಗಿದ್ದರೆ ಚಿಂತೆಯಿಲ್ಲ. ಕಡು ಹಳದಿ, ಒಣಗಿದ ನಾಲಿಗೆ, ಕಣ್ಣೀರಿಲ್ಲದ ಅಳು, ಒಳಸೇರಿದ ಕಣ್ಣು, ಕೂಸಾದರೆ ಕುಸಿದ ನೆತ್ತಿ, ಇವೆಲ್ಲ ನೀರು ಸಾಲುತ್ತಿಲ್ಲ ಅನ್ನುವುದಕ್ಕೆ ಗುರುತು.

ಊಟಕ್ಕೆ ಬಲವಂತ ಬೇಡ. ಎರಡು ದಿನ ಕಡಿಮೆ ತಿಂದರೆ ಏನೂ ಆಗುವುದಿಲ್ಲ, ಜ್ವರ ಬಿಟ್ಟ ಮೇಲೆ ಮಗುವೇ ಕೇಳಿ ತಿನ್ನುತ್ತದೆ.

ಔಷಧಿ: ತಪ್ಪು ಜಾಸ್ತಿ ಆಗುವುದು ಇಲ್ಲೇ

ಯಾವಾಗ ಕೊಡಬೇಕು? ಮೈ ಬಿಸಿಯಾಗಿದೆ ಅಂತಲ್ಲ, ಮಗುವಿಗೆ ಹಿಂಸೆಯಾಗುತ್ತಿದೆ ಅಂತ. ಮೈಕೈ ನೋವು, ಅಳು, ನಿದ್ದೆ ಇಲ್ಲ, ಕುಡಿಯುತ್ತಿಲ್ಲ ಅಂದರೆ ಕೊಡಿ. 101 ಇದ್ದೂ ಆಡಿಕೊಂಡಿದ್ದರೆ ಬಿಡಿ. ನಿದ್ದೆ ಹೋದ ಮಗುವನ್ನು ಔಷಧಿಗಾಗಿ ಎಬ್ಬಿಸಬೇಕಿಲ್ಲ. ಔಷಧಿ ಕಾಯಿಲೆಯನ್ನು ಬೇಗ ವಾಸಿ ಮಾಡುವುದಿಲ್ಲ, ಕಾಯಿಲೆಯ ದಿನಗಳನ್ನು ಸಹಿಸುವಂತೆ ಮಾಡುತ್ತದೆ ಅಷ್ಟೇ.

ಮನೆಯಲ್ಲಿ ಕೊಡಲು ಪ್ಯಾರಸಿಟಮಾಲ್ ಒಂದೇ ಸಾಕು. 3 ತಿಂಗಳೊಳಗಿನವರಿಗೆ ಡಾಕ್ಟರ್ ಹೇಳದೆ ಕೊಡಬಾರದು. ಡೋಸ್ ಲೆಕ್ಕ ವಯಸ್ಸಿನ ಮೇಲಲ್ಲ, ತೂಕದ ಮೇಲೆ: ಒಂದು ಕಿಲೋಗೆ ಒಂದು ಸಲಕ್ಕೆ 10ರಿಂದ 15 ಎಂಜಿ. ಎರಡು ಡೋಸ್ ನಡುವೆ ಕಡಿಮೆಯೆಂದರೂ 4 ಗಂಟೆ, 6 ಗಂಟೆಯಾದರೆ ಇನ್ನೂ ಒಳ್ಳೆಯದು. 24 ಗಂಟೆಯಲ್ಲಿ 4 ಸಲಕ್ಕಿಂತ ಜಾಸ್ತಿ ಬೇಡವೇ ಬೇಡ.

ಈಗ ಬಾಟಲಿಯ ವಿಷಯಕ್ಕೆ ಬರೋಣ. ಒಂದೇ ಪ್ಯಾರಸಿಟಮಾಲ್ ಬೇರೆ ಬೇರೆ ಗಟ್ಟಿತನದಲ್ಲಿ ಬರುತ್ತದೆ. ಕೆಲವು ಸಿರಪ್‌ನಲ್ಲಿ 5 ಎಂಎಲ್‌ಗೆ 120 ಅಥವಾ 125 ಎಂಜಿ ಇರುತ್ತದೆ, ಕೆಲವದರಲ್ಲಿ 5 ಎಂಎಲ್‌ಗೆ 250 ಎಂಜಿ. ಕೂಸುಗಳ ಡ್ರಾಪ್ಸ್‌ನಲ್ಲಿ ಒಂದೇ ಎಂಎಲ್‌ಗೆ 100 ಎಂಜಿ ಇರುವುದೂ ಉಂಟು. ಮಗುವಿನ ತೂಕ 10 ಕಿಲೋ ಅಂದುಕೊಳ್ಳಿ. 15ರ ಲೆಕ್ಕದಲ್ಲಿ ಅದಕ್ಕೆ ಬೇಕಾದದ್ದು 150 ಎಂಜಿ. 125ರ ಸಿರಪ್ ಆದರೆ 6 ಎಂಎಲ್. 250ರದ್ದಾದರೆ 3 ಎಂಎಲ್. ಡ್ರಾಪ್ಸ್ ಆದರೆ ಒಂದೂವರೆ ಎಂಎಲ್ ಮಾತ್ರ. ನಿದ್ದೆಗಣ್ಣಿನಲ್ಲಿ "ಆರು ಎಂಎಲ್ ಅಲ್ವಾ" ಅಂತ ಡ್ರಾಪ್ಸ್‌ನಿಂದ ಆರು ಎಂಎಲ್ ಎಳೆದರೆ ನಾಲ್ಕು ಪಟ್ಟು ಔಷಧಿ ಹೋಗಿರುತ್ತದೆ. ಇದರ ಉಲ್ಟಾ ಕೂಡ ಆಗುತ್ತದೆ: ಡ್ರಾಪ್ಸ್‌ನ ಒಂದೂವರೆ ಎಂಎಲ್ ಲೆಕ್ಕವನ್ನು ಸಿರಪ್‌ಗೆ ಹಾಕಿ, ಕಾಲುಭಾಗ ಡೋಸ್ ಕೊಟ್ಟು, "ಈ ಔಷಧಿ ಹಿಡಿಯುತ್ತಿಲ್ಲ" ಅನ್ನುವುದು.

ಆದ್ದರಿಂದ ಹೀಗೆ ಮಾಡಿ. ಮಗು ಆರೋಗ್ಯವಾಗಿದ್ದಾಗಲೇ ತೂಕ ನೋಡಿಡಿ. ಡಾಕ್ಟರ್ ಹತ್ತಿರ ಹೋದಾಗ ನಿಮ್ಮ ಮನೆಯಲ್ಲಿರುವ ಬಾಟಲಿಯನ್ನೇ ತೋರಿಸಿ ಎಷ್ಟು ಎಂಎಲ್ ಅಂತ ಕೇಳಿ, ಒಂದು ಚೀಟಿಯಲ್ಲಿ ಬರೆದು ಬಾಟಲಿಗೆ ಅಂಟಿಸಿ. ಬಾಟಲಿ ಬದಲಾದರೆ ಚೀಟಿಯೂ ಬದಲಾಗಬೇಕು. ಮನೆಯಲ್ಲಿ ಎರಡು ಬಗೆಯ ಬಾಟಲಿ ಇಟ್ಟುಕೊಳ್ಳಲೇಬೇಡಿ. ಅಳೆಯಲು ಅಡುಗೆಮನೆಯ ಚಮಚ ಬೇಡ, ಬಾಟಲಿ ಜೊತೆ ಬರುವ ಸಿರಿಂಜ್ ಅಥವಾ ಗೆರೆಯಿರುವ ಕಪ್ ಬಳಸಿ. ಕೊಡುವ ಮುಂಚೆ ಬಾಟಲಿ ಚೆನ್ನಾಗಿ ಅಲ್ಲಾಡಿಸಿ.

ಮಗುವನ್ನು ಕೂರಿಸಿ, ಸಿರಿಂಜಿನ ತುದಿಯನ್ನು ಕೆನ್ನೆಯ ಒಳಗಡೆಗೆ ಇಟ್ಟು, ಸ್ವಲ್ಪ ಸ್ವಲ್ಪವೇ ಬಿಡಿ. ನೇರ ಗಂಟಲಿಗೆ ಹೊಡೆಯುವುದು, ಮೂಗು ಹಿಡಿದು ನುಂಗಿಸುವುದು ಬೇಡ, ಉಸಿರುನಾಳಕ್ಕೆ ಹೋಗುತ್ತದೆ. ಔಷಧಿಯನ್ನು ಹಾಲಿನ ಬಾಟಲಿಗೆ ಬೆರೆಸಬೇಡಿ. ಮಗು ಅರ್ಧ ಕುಡಿದು ಬಿಟ್ಟರೆ ಎಷ್ಟು ಔಷಧಿ ಹೋಯಿತು ಅಂತ ಯಾರಿಗೂ ಗೊತ್ತಾಗುವುದಿಲ್ಲ. ಕೊಟ್ಟು ಅರ್ಧ ಗಂಟೆಯೊಳಗೆ ವಾಂತಿ ಮಾಡಿದರೆ ಅದೇ ಡೋಸನ್ನು ಒಂದು ಸಲ ಮತ್ತೆ ಕೊಡಬಹುದು. ಅದನ್ನೂ ಕಕ್ಕಿದರೆ ಡಾಕ್ಟರಿಗೆ ಫೋನ್ ಮಾಡಿ. ಅರ್ಧ ಗಂಟೆ ದಾಟಿದ್ದರೆ ಮುಂದಿನ ಹೊತ್ತಿಗೇ ಕೊಡಿ.

ಕೊಟ್ಟ ಮೇಲೆ ಕೆಲಸ ಶುರುವಾಗಲು ಅರ್ಧದಿಂದ ಒಂದು ಗಂಟೆ ಬೇಕು. ಇಳಿಯುವುದೂ ಎರಡು ಮೂರು ಡಿಗ್ರಿ ಫ್ಯಾರನ್‌ಹೀಟ್ ಅಷ್ಟೇ. 104 ಇದ್ದದ್ದು 102 ಆದರೆ ಔಷಧಿ ತನ್ನ ಕೆಲಸ ಮಾಡಿದೆ ಅಂತಲೇ ಅರ್ಥ. "ಇನ್ನೂ 102 ಇದೆ" ಅಂತ ಇನ್ನೊಂದು ಡೋಸ್ ಹಾಕುವುದರಲ್ಲೇ ಅಪಾಯ ಇರುವುದು. ಪ್ಯಾರಸಿಟಮಾಲ್ ಜಾಸ್ತಿಯಾದರೆ ಲಿವರ್ ಕೆಡುತ್ತದೆ, ಮೊದಲ ದಿನ ಏನೂ ಗೊತ್ತಾಗುವುದೇ ಇಲ್ಲ. ಹೆಚ್ಚು ಹೋಗಿದೆ ಅನ್ನುವ ಅನುಮಾನ ಬಂದರೆ ಮಗು ಚೆನ್ನಾಗಿ ಕಂಡರೂ ಕೂಡಲೇ ಆಸ್ಪತ್ರೆಗೆ ಹೋಗಿ. ಇದಕ್ಕೆ ಮದ್ದು ಇದೆ, 8 ಗಂಟೆಯೊಳಗೆ ಕೊಟ್ಟರೆ ತುಂಬ ಚೆನ್ನಾಗಿ ಕೆಲಸ ಮಾಡುತ್ತದೆ.

ಶೀತ ಕೆಮ್ಮಿನ ಸಿರಪ್‌ಗಳ ಹಿಂದಿನ ಸಣ್ಣ ಅಕ್ಷರ ಓದಿ. ಎಷ್ಟೋ ಸಿರಪ್‌ಗಳಲ್ಲಿ ಪ್ಯಾರಸಿಟಮಾಲ್ ಸೇರಿಸಿರುತ್ತಾರೆ. ಎರಡನ್ನೂ ಕೊಟ್ಟರೆ ಗೊತ್ತಿಲ್ಲದೇ ಎರಡು ಡೋಸ್ ಹೋಗುತ್ತದೆ.

ಐಬುಪ್ರೊಫೆನ್ ಒಳ್ಳೆಯ ಔಷಧಿಯೇ, ಆದರೆ ಎಲ್ಲ ಜ್ವರಕ್ಕೂ ಅಲ್ಲ. 6 ತಿಂಗಳೊಳಗೆ, ವಾಂತಿ ಭೇದಿಯಾಗಿ ಮೈಯ ನೀರು ಕಡಿಮೆಯಾದಾಗ, ಸಿಡುಬಿನ ಗುಳ್ಳೆಯಂಥ ಚಿಕನ್‌ಪಾಕ್ಸ್ ಎದ್ದಾಗ ಬೇಡ. ಡೆಂಗಿ ಇರಬಹುದು ಅನ್ನುವ ಅನುಮಾನವಿದ್ದರಂತೂ ಮುಟ್ಟಲೇಬೇಡಿ, ರಕ್ತಸ್ರಾವ ಹೆಚ್ಚಾಗಬಹುದು. ಡಾಕ್ಟರ್ ಹೇಳದೆ ಎರಡೂ ಔಷಧಿಯನ್ನು ಒಟ್ಟಿಗೆ ಕೊಡಬೇಡಿ. ಆಸ್ಪಿರಿನ್ 16 ವರ್ಷದೊಳಗಿನವರಿಗೆ ಜ್ವರಕ್ಕೆ ಕೊಡಲೇಬಾರದು. ವೈರಸ್ ಜ್ವರದಲ್ಲಿ ಅದನ್ನು ಕೊಟ್ಟರೆ ಮೆದುಳು ಮತ್ತು ಲಿವರ್ ಎರಡನ್ನೂ ಹಾಳುಮಾಡುವ ರೇಯ್ಸ್ ಸಿಂಡ್ರೋಮ್ ಅನ್ನುವ ಕಾಯಿಲೆ ಬರುವ ಅಪಾಯವಿದೆ. ಹೋದ ಸಲ ಉಳಿದ ಆ್ಯಂಟಿಬಯೋಟಿಕ್ ಈ ಸಲದ ಜ್ವರಕ್ಕಲ್ಲ.

ಒದ್ದೆ ಬಟ್ಟೆಯ ವಿಷಯ

ಹಣೆಗೆ ಒದ್ದೆ ಬಟ್ಟೆ ಇಡುವುದರಿಂದ ಮಗುವಿಗೆ ಹಿತವಾದರೆ ಇಡಿ, ತಪ್ಪೇನಿಲ್ಲ. ಆದರೆ ಜ್ವರ ಇಳಿಸುವ ಉಪಾಯವಾಗಿ ಅದನ್ನು ನಂಬಬೇಡಿ. ಮೆದುಳು ಇಟ್ಟ ಮಟ್ಟ ಇನ್ನೂ ಮೇಲೆಯೇ ಇರುವಾಗ ಹೊರಗಿನಿಂದ ತಂಪು ಮಾಡಿದರೆ ಮಗು ನಡುಗಿ ಮತ್ತೆ ಬಿಸಿ ಮಾಡಿಕೊಳ್ಳುತ್ತದೆ. ಐಸ್, ತಣ್ಣೀರ ಸ್ನಾನ ಬೇಡ. ಸ್ಪಿರಿಟ್ ಹಚ್ಚುವುದು ತೀರಾ ಅಪಾಯ, ಚರ್ಮದಿಂದಲೂ ಉಸಿರಿನಿಂದಲೂ ಒಳಗೆ ಹೋಗಿ ವಿಷವಾಗುತ್ತದೆ. ಉಗುರುಬೆಚ್ಚಗಿನ ನೀರಲ್ಲಿ ಮೈ ಒರೆಸುವುದು, ಬೇಗ ಸ್ನಾನ ಮುಗಿಸುವುದು ಇಷ್ಟವಾದರೆ ಆಗಬಹುದು.

ರಾತ್ರಿ

ಒಂದು ಹಾಳೆಯಲ್ಲಿ ಬರೆದಿಡಿ: ಹೊತ್ತು, ಜ್ವರ ಎಷ್ಟು, ಯಾವ ಔಷಧಿ ಎಷ್ಟು ಎಂಎಲ್, ಏನು ಕುಡಿಯಿತು, ಮೂತ್ರ ಯಾವಾಗ ಆಯಿತು. ಮನೆಯಲ್ಲಿ ಇಬ್ಬರು ನೋಡಿಕೊಳ್ಳುತ್ತಿದ್ದರೆ ಇದು ಬೇಕೇ ಬೇಕು. ಒಬ್ಬರು ಕೊಟ್ಟದ್ದು ಇನ್ನೊಬ್ಬರಿಗೆ ಗೊತ್ತಿಲ್ಲದೆ ಮತ್ತೆ ಕೊಡುವುದು ಸಾಮಾನ್ಯ. ಮರುದಿನ ಡಾಕ್ಟರ್ ಕೇಳುವ ಪ್ರಶ್ನೆಗಳಿಗೂ ಈ ಹಾಳೆಯಲ್ಲೇ ಉತ್ತರ ಇರುತ್ತದೆ.

ಮಗು ಮಲಗಿದ ಮೇಲೆ ಎರಡು ಮೂರು ಸಲ ಎದ್ದು ನೋಡಿ. ಥರ್ಮಾಮೀಟರ್ ಬೇಡ. ಉಸಿರು ಹೇಗಿದೆ, ಮೈಮೇಲೆ ಚುಕ್ಕೆ ಎದ್ದಿದೆಯೇ, ಮೆಲ್ಲಗೆ ಮುಟ್ಟಿದರೆ ಮಿಸುಕುತ್ತದೆಯೇ ಅಂತ ನೋಡಿದರೆ ಸಾಕು.

ಉಸಿರು ಎಣಿಸುವುದನ್ನು ಎಲ್ಲ ತಂದೆತಾಯಿಯೂ ಕಲಿಯಬೇಕು. ಅಂಗಿ ಮೇಲೆತ್ತಿ, ಹೊಟ್ಟೆ ಒಂದು ಸಲ ಏರಿ ಇಳಿದರೆ ಒಂದು ಅಂತ ಪೂರ್ತಿ ಒಂದು ನಿಮಿಷ ಎಣಿಸಿ. ಮಗು ಅಳುತ್ತಿರಬಾರದು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2 ತಿಂಗಳೊಳಗೆ ನಿಮಿಷಕ್ಕೆ 60, 2 ತಿಂಗಳಿಂದ ಒಂದು ವರ್ಷದವರೆಗೆ 50, ಒಂದರಿಂದ 5 ವರ್ಷದವರಿಗೆ 40, ಇಷ್ಟು ಅಥವಾ ಇದಕ್ಕಿಂತ ಜಾಸ್ತಿ ಇದ್ದರೆ ಅದು ವೇಗದ ಉಸಿರು. ಜ್ವರ ಇದ್ದಾಗ ಉಸಿರು ಹೇಗೂ ಸ್ವಲ್ಪ ಜೋರಾಗಿರುತ್ತದೆ. ಔಷಧಿಯಿಂದ ಜ್ವರ ಇಳಿದ ಮೇಲೂ ಅಷ್ಟೇ ಇದ್ದರೆ, ಜೊತೆಗೆ ಕೆಮ್ಮು ಇದ್ದರೆ ನ್ಯುಮೋನಿಯಾ ಇರಬಹುದು. ಬೆಳಗಾಗಲಿ ಅಂತ ಕಾಯಬೇಡಿ.

ಫಿಟ್ಸ್ ಬಂದರೆ

6 ತಿಂಗಳಿಂದ 5 ವರ್ಷದೊಳಗಿನ 100 ಮಕ್ಕಳಲ್ಲಿ 2ರಿಂದ 5 ಮಕ್ಕಳಿಗೆ ಯಾವಾಗಲಾದರೂ ಒಮ್ಮೆ ಜ್ವರದ ಫಿಟ್ಸ್ ಬರುತ್ತದೆ. ನೋಡುವವರಿಗೆ ಮಗು ಹೋಗಿಯೇ ಬಿಟ್ಟಿತು ಅನ್ನಿಸುವಷ್ಟು ಭಯ. ಕಣ್ಣು ಮೇಲಾಗುತ್ತದೆ, ಕೈಕಾಲು ಸೆಟೆದು ಅದುರುತ್ತದೆ. ಹೆಚ್ಚಿನವು ಒಂದೆರಡು ನಿಮಿಷದಲ್ಲಿ ತಾನಾಗಿ ನಿಲ್ಲುತ್ತವೆ, ಇಂಥ ಚಿಕ್ಕ ಫಿಟ್ಸ್‌ನಿಂದ ಮೆದುಳಿಗೆ ತೊಂದರೆ ಆಗುವುದಿಲ್ಲ.

ಮಗುವನ್ನು ನೆಲದ ಮೇಲೆ ಒಂದು ಮಗ್ಗುಲಿಗೆ ಮಲಗಿಸಿ, ಜೊಲ್ಲು ವಾಂತಿ ಹೊರಗೆ ಹರಿಯಲಿ. ಸುತ್ತಲಿನ ಗಟ್ಟಿ ವಸ್ತು ಸರಿಸಿ. ಕೊರಳ ಗುಂಡಿ ಬಿಚ್ಚಿ. ಗಡಿಯಾರ ನೋಡಿ. ಬಾಯಿಗೆ ಬೆರಳು, ಚಮಚ, ನೀರು, ಔಷಧಿ ಏನನ್ನೂ ಹಾಕಬೇಡಿ. ಅದುರುವ ಕೈಕಾಲು ಅದುಮಿ ಹಿಡಿಯಬೇಡಿ. 5 ನಿಮಿಷ ದಾಟಿದರೆ, ಮತ್ತೆ ಮತ್ತೆ ಬಂದರೆ, ನಿಂತ ಮೇಲೂ ಉಸಿರಾಟ ಸರಿಯಿಲ್ಲದಿದ್ದರೆ ಆಂಬುಲೆನ್ಸ್ ಕರೆಸಿ. ಪಕ್ಕದಲ್ಲಿ ಇನ್ನೊಬ್ಬರಿದ್ದರೆ ಮೊಬೈಲಿನಲ್ಲಿ ಚಿತ್ರಿಸಲಿ, ಡಾಕ್ಟರಿಗೆ ತುಂಬ ಉಪಯೋಗ. ಮೊದಲ ಸಲದ ಫಿಟ್ಸ್ ಆದರೆ ನಿಂತ ಮೇಲೂ ಕೂಡಲೇ ಆಸ್ಪತ್ರೆಗೆ ತೋರಿಸಲೇಬೇಕು.

ಮೂರರಲ್ಲಿ ಒಂದು ಮಗುವಿಗೆ ಮುಂದೊಮ್ಮೆ ಜ್ವರದಲ್ಲಿ ಮತ್ತೆ ಬರಬಹುದು. ಹೊತ್ತು ಹೊತ್ತಿಗೆ ಪ್ಯಾರಸಿಟಮಾಲ್ ಹಾಕಿ ಇದನ್ನು ತಡೆಯಲು ಆಗುವುದಿಲ್ಲ. ಹಾಗಾಗಿ ಫಿಟ್ಸ್ ಬಂತೆಂದರೆ "ನಾನು ಔಷಧಿ ತಡ ಮಾಡಿದೆ" ಅಂತ ಯಾರೂ ಕೊರಗಬೇಕಿಲ್ಲ.

ಎರಡನೇ ದಿನ, ಮೂರನೇ ದಿನ

ಎರಡನೇ ದಿನಕ್ಕೆ ಶೀತ, ಕೆಮ್ಮು, ಗಂಟಲು ನೋವು ಏನಾದರೂ ಕಾಣಿಸಿಕೊಂಡು ಜ್ವರದ ಮೂಲ ಗೊತ್ತಾಗುತ್ತದೆ. ಏನೂ ಕಾಣದೆ ಬರೀ ಜ್ವರವೇ ಇದ್ದರೆ ಮೂತ್ರದ ಸೋಂಕನ್ನು ನೆನಪಿಡಿ. ಚಿಕ್ಕ ಮಕ್ಕಳು ಉರಿ ಅಂತ ಹೇಳುವುದಿಲ್ಲ. ಒಂದು ಮೂತ್ರ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ಹಲ್ಲು ಬರುತ್ತಿದೆ ಅದಕ್ಕೇ ಜ್ವರ ಅನ್ನುವುದನ್ನು ಮಾತ್ರ ಒಪ್ಪಬೇಡಿ. ಹಲ್ಲು ಬರುವಾಗ ಮೈ ಕೊಂಚ ಬೆಚ್ಚಗಾಗಬಹುದು, 100.4 ದಾಟಿದರೆ ಕಾರಣ ಬೇರೆ ಇರುತ್ತದೆ. ಲಸಿಕೆ ಹಾಕಿಸಿದ ಮೇಲೆ ಬರುವ ಜ್ವರ ಒಂದೆರಡು ದಿನದಲ್ಲಿ ಹೋಗುತ್ತದೆ. ದಡಾರದ ಲಸಿಕೆಯದ್ದು ಮಾತ್ರ ವಾರ ಹತ್ತು ದಿನ ಬಿಟ್ಟು ಬರಬಹುದು.

ಮೂರು ದಿನವಾದರೂ ಜ್ವರ ಬಿಡದಿದ್ದರೆ, ಒಂದು ದಿನ ಬಿಟ್ಟು ಮತ್ತೆ ಬಂದರೆ ಡಾಕ್ಟರಿಗೆ ತೋರಿಸಿ. ಮಲೇರಿಯಾ ಇರುವ ಕಡೆ ವಾಸಿಸುತ್ತಿದ್ದರೆ ಅಥವಾ ಹೋಗಿ ಬಂದಿದ್ದರೆ ಮೂರು ದಿನ ಕಾಯದೆ ಅದೇ ದಿನ ರಕ್ತ ಪರೀಕ್ಷೆ ಮಾಡಿಸಿ. ಐದು ದಿನದ ಜ್ವರದ ಜೊತೆ ಕಣ್ಣು ಕೆಂಪು, ತುಟಿ ಒಡೆದು ಕೆಂಪು, ಕೈಕಾಲು ಊತ, ಮೈಮೇಲೆ ದದ್ದು ಇದ್ದರೆ ಕವಾಸಾಕಿ ಕಾಯಿಲೆ ಇರಬಹುದು. ಅಪರೂಪದ್ದು, ಆದರೆ ಹತ್ತು ದಿನದೊಳಗೆ ಚಿಕಿತ್ಸೆ ಶುರುವಾಗದಿದ್ದರೆ ಹೃದಯದ ರಕ್ತನಾಳಕ್ಕೆ ಹಾನಿಯಾಗುವ ಸಾಧ್ಯತೆ ಹೆಚ್ಚು.

ಜ್ವರ ಬಿಟ್ಟ ಮೇಲೆ

ಜ್ವರ ಬಿಡುತ್ತಿದ್ದ ಹಾಗೆ ಎದೆ ಬೆನ್ನಿನ ಮೇಲೆ ತೆಳು ಗುಲಾಬಿ ದದ್ದು ಎದ್ದು, ಮಗು ಗೆಲುವಾಗಿದ್ದರೆ ಅದು ಸಾಮಾನ್ಯವಾಗಿ ರೋಸಿಯೋಲಾ ಅನ್ನುವ ವೈರಸ್ ಜ್ವರ. 6 ತಿಂಗಳಿಂದ 2 ವರ್ಷದ ಮಕ್ಕಳಲ್ಲಿ ತುಂಬ ಕಾಣುತ್ತದೆ, ತಾನಾಗಿ ಮಾಯವಾಗುತ್ತದೆ.

ಡೆಂಗಿಯಲ್ಲಿ ಮಾತ್ರ ಲೆಕ್ಕ ಉಲ್ಟಾ. ಅಲ್ಲಿ ಕಷ್ಟದ ಹೊತ್ತು ಶುರುವಾಗುವುದೇ ಜ್ವರ ಇಳಿದಾಗ, ಮೂರರಿಂದ ಏಳನೇ ದಿನದ ನಡುವೆ. ಜ್ವರವೇನೋ ಬಿಟ್ಟಿತು, ಆದರೆ ಮಗು ಇನ್ನೂ ಸುಸ್ತಾಗಿದೆ, ಹೊಟ್ಟೆ ನೋವು ಅನ್ನುತ್ತಿದೆ, ವಾಂತಿ ನಿಲ್ಲುತ್ತಿಲ್ಲ, ಮೂಗು ಒಸಡಿನಲ್ಲಿ ರಕ್ತ, ಕೈಕಾಲು ತಣ್ಣಗೆ ಅಂಟಂಟು. ಈ ಹೊತ್ತಿನಲ್ಲಿ ಥರ್ಮಾಮೀಟರ್ 98.6 ತೋರಿಸುತ್ತಿರುತ್ತದೆ. ಅದನ್ನು ನಂಬದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.

ಸಾಮಾನ್ಯ ಜ್ವರವಾಗಿದ್ದರೆ, ಔಷಧಿ ಇಲ್ಲದೇ 24 ಗಂಟೆ ಜ್ವರ ಬಾರದೆ ಇದ್ದು, ಮಗು ತಿಂದು ಆಡಿಕೊಂಡಿದ್ದರೆ ಶಾಲೆಗೆ ಕಳಿಸಬಹುದು. ಬೆಳಗ್ಗೆ ಒಂದು ಡೋಸ್ ಹಾಕಿ ಕಳಿಸಿದರೆ ಮಧ್ಯಾಹ್ನಕ್ಕೆ ಶಾಲೆಯಿಂದ ಫೋನ್ ಬರುತ್ತದೆ, ಅಷ್ಟರಲ್ಲಿ ಪಕ್ಕದ ಮಗುವಿಗೂ ಅಂಟಿರುತ್ತದೆ. ಕೆಮ್ಮು ಇನ್ನೂ ಒಂದೆರಡು ವಾರ ಇರಬಹುದು. ಬಾಟಲಿ ತೆರೆದ ದಿನಾಂಕವನ್ನು ಅದರ ಮೇಲೆ ಬರೆದು, ಸಿರಿಂಜ್ ತೊಳೆದು ಒಣಗಿಸಿ, ಎರಡನ್ನೂ ಮಗುವಿಗೆ ಎಟುಕದ ಕಡೆ ಎತ್ತಿಡಿ.